ಸ್ವಂತ ತಾಣದ ಜಾಹೀರಾತಿಗೆ ಕೈ ತಗುಲಿದಾಗ: ಆಡ್‌ಸೆನ್ಸ್ ಸೇವೆಯ ಒಂದು ವಿಮರ್ಶೆ

ಡೊಂಬಿವಲಿಯಿಂದ ಮುಂಬಯಿಗೆ ಹೊರಟ ಬೆಳಗಿನ ಫಾಸ್ಟ್ ಲೋಕಲ್ ರೈಲು ಠಾಣೆ ನಿಲ್ದಾಣದಲ್ಲಿ ನಿಂತಾಗ ಒಳಗೆ ನುಗ್ಗಿದ ಜನರ ನೂಕಿಗೆ ನನ್ನ ಮೊಣಕೈ ಅಲುಗಿತು. ಎಡಗೈ ಮೇಲಿನ ಹಿಡಿಕೆಗೆ ಜೋತುಬಿದ್ದಿತ್ತು, ಬಲಗೈಯ ಹೆಬ್ಬೆರಳು ಮೊಬೈಲಿನ ಪರದೆಯ ಮೇಲಿತ್ತು. ಹಿಂದಿನ ರಾತ್ರಿ ನಮ್ಮ ಜಾಲತಾಣಕ್ಕೆ ಏರಿಸಿದ್ದ ಲೇಖನದಲ್ಲಿ ಅಕ್ಷರದೋಷ ಉಳಿದಿದೆಯೇ ಎಂದು ನೋಡುತ್ತಿದ್ದ ನನ್ನ ಹೆಬ್ಬೆರಳು, ಎರಡು ಪ್ಯಾರಾಗಳ ನಡುವೆ ಬಂದು ಕುಳಿತಿದ್ದ ಬದ್ಲಾಪುರದ ಫ್ಲ್ಯಾಟುಗಳ ಜಾಹೀರಾತಿನ ಮೇಲೆ ಬಿತ್ತು. ಪರದೆ ಬದಲಾಗಿ, ಈಜುಕೊಳದ ಪಕ್ಕದಲ್ಲಿ ನಗುತ್ತ ನಿಂತ ಒಂದು ಕುಟುಂಬದ ಚಿತ್ರವೂ ಅದರ ಕೆಳಗೆ ನನ್ನ ಫೋನ್ ಸಂಖ್ಯೆ ಕೇಳುವ ಫಾರಂ ಒಂದೂ ತೆರೆದುಕೊಂಡವು. ತಕ್ಷಣ ಹಿಂದಕ್ಕೆ ಬಂದೆನಾದರೂ ದಾದರ್ ಬರುವವರೆಗೂ ಮನಸ್ಸು ಬದ್ಲಾಪುರದಲ್ಲೇ ಇತ್ತು. ಸ್ವಂತ ತಾಣದ ಜಾಹೀರಾತನ್ನು ತಾನೇ ಒತ್ತಿದವನ ಖಾತೆಯನ್ನು ಗೂಗಲ್ ಮುಚ್ಚಿಬಿಡುತ್ತದೆ ಎಂಬ ಮಾತನ್ನು, ನಮ್ಮಂಥವರ ಪುಟಗಳಲ್ಲಿ ಜಾಹೀರಾತು ಹಾಕಿ ಅದರ ಹಣದಲ್ಲಿ ಪಾಲು ಕೊಡುವ ಅದರ ಆಡ್‌ಸೆನ್ಸ್ ಸೇವೆಗೆ ಸೇರಿದ ಮೊದಲ ದಿನದಿಂದ ಕೇಳುತ್ತ ಬಂದಿದ್ದೆ.

ನಮ್ಮದು ದೊಡ್ಡ ತಾಣವೇನಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹೀಮಿನ ಕರ್ನಾಟಕ ಸಂಘದಲ್ಲೋ ಈ ವಾರ ಯಾವ ಕಾರ್ಯಕ್ರಮವಿದೆ, ಊರಿನಿಂದ ಯಾವ ಯಕ್ಷಗಾನ ಮೇಳ ಮುಂಬಯಿಗೆ ಬಂದಿದೆ ಎಂಬ ಪ್ರಕಟಣೆಗಳು ಅದರಲ್ಲಿರುತ್ತವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ತಲೆಮಾರಿನ ನೆನಪುಗಳನ್ನೂ ಬರೆಸಿ ಹಾಕುತ್ತೇವೆ. ಸರ್ವರಿನ ಬಾಡಿಗೆ ಹುಟ್ಟಲಿ ಎಂದು ಮೂರು ವರ್ಷಗಳ ಹಿಂದೆ ಆಡ್‌ಸೆನ್ಸ್ ಹಾಕಿಕೊಂಡೆವು. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸವನ್ನು ಖಚಿತಪಡಿಸಿಕೊಳ್ಳಲು ಅಂಚೆಯಲ್ಲಿ ಬರುವ ಪಿನ್ನು, 100 ಡಾಲರ್ ದಾಟಿದ ಮೇಲೆ ತಿಂಗಳ 21ರಿಂದ 26ರೊಳಗೆ ಬ್ಯಾಂಕಿಗೆ ಹೊರಡುವ ಹಣ, ಇವೆಲ್ಲ ಬಳಕೆದಾರರಿಗೆ ಗೊತ್ತಿರುವ ಸಂಗತಿಗಳು. ಕನ್ನಡವೂ ಈ ಸೇವೆ ಒಪ್ಪುವ ಭಾಷೆಗಳ ಪಟ್ಟಿಯಲ್ಲಿರುವುದರಿಂದ ಕನ್ನಡದ ತಾಣ ಎಂಬ ಕಾರಣಕ್ಕೆ ಅಡ್ಡಿಯೇನೂ ಇಲ್ಲ. ಈ ವಿಮರ್ಶೆಯಲ್ಲಿ ನಾನು ನೋಡಹೊರಟಿರುವುದು ಒಂದೇ ವಿಷಯವನ್ನು: ಕೈತಪ್ಪಿ ಬಿದ್ದ ಕ್ಲಿಕ್ಕನ್ನು ಈ ಸೇವೆ ಹೇಗೆ ನಡೆಸಿಕೊಳ್ಳುತ್ತದೆ, ಅಂಥ ಕ್ಲಿಕ್ಕು ಬೀಳದಂತೆ ನೋಡಿಕೊಳ್ಳಲು ನಮ್ಮ ಕೈಗೆ ಏನೇನು ಕೊಟ್ಟಿದೆ ಎಂಬುದು.

ನಿಯಮ ಸ್ಪಷ್ಟವಾಗಿದೆ. ತಾಣದ ಮಾಲೀಕನು ಯಾವ ಕಾರಣಕ್ಕೂ ತನ್ನ ಪುಟದ ಜಾಹೀರಾತನ್ನು ಒತ್ತುವಂತಿಲ್ಲ. ಕೊಂಡಿ ಸರಿಯಾಗಿ ತೆರೆಯುತ್ತದೆಯೇ ಎಂದು ಪರೀಕ್ಷಿಸಲಿಕ್ಕೂ ಇಲ್ಲ, ಅದರಲ್ಲಿರುವ ವಸ್ತುವನ್ನು ನಿಜವಾಗಿಯೂ ಕೊಳ್ಳುವ ಮನಸ್ಸಿದ್ದರೂ ಇಲ್ಲ. ಯಾವುದಾದರೂ ಜಾಹೀರಾತಿನ ಬಗ್ಗೆ ಕುತೂಹಲವಿದ್ದರೆ ಆ ಕಂಪನಿಯ ವಿಳಾಸವನ್ನು ಬ್ರೌಸರಿನಲ್ಲಿ ತಾನೇ ಟೈಪ್ ಮಾಡಿ ನೋಡಬೇಕು ಎಂದು ಸಹಾಯಪುಟಗಳು ಹೇಳುತ್ತವೆ. ಆದರೆ ಅದೇ ಪುಟಗಳ ಧೋರಣೆಯನ್ನು ಸಮಾಧಾನದಿಂದ ಓದಿದರೆ, ನಾವು ಊಹಿಸಿಕೊಂಡಷ್ಟು ಕ್ರೂರವಾದ ವ್ಯವಸ್ಥೆ ಇದಲ್ಲ ಎಂದು ತಿಳಿಯುತ್ತದೆ. ಬೆರಳು ಜಾರುವುದು ಸಹಜವೆಂದು ಅವರೂ ಒಪ್ಪುತ್ತಾರೆ. ಒಂದೊಂದು ಆಕಸ್ಮಿಕ ಕ್ಲಿಕ್ಕಿಗೂ ಕ್ಷಮಾಪಣೆ ಬರೆದು ಕಳುಹಿಸಬೇಕಾಗಿಲ್ಲ. ಮಾಲೀಕನ ಕ್ಲಿಕ್ಕನ್ನು ಅಮಾನ್ಯವೆಂದು ಗುರುತಿಸಿ ಬದಿಗೆ ಸರಿಸುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಅವರು ಮುಖ್ಯವಾಗಿ ನೋಡುವುದು, ಅಂಥ ಕ್ಲಿಕ್ಕುಗಳು ಮತ್ತೆ ಮತ್ತೆ ಒಂದೇ ರೀತಿಯಲ್ಲಿ ಬೀಳುತ್ತಿವೆಯೇ ಎಂಬುದನ್ನು. ಲೋಕಲ್ಲಿನಲ್ಲಿ ಒಮ್ಮೆ ತಗುಲಿದ ಹೆಬ್ಬೆರಳಿನಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ, ಯಾವ ಎಚ್ಚರಿಕೆಯೂ ಬರಲಿಲ್ಲ. ಈ ಅಂಶದಲ್ಲಿ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ.

ಕ್ಲಿಕ್ಕಿನ ಲೆಕ್ಕ ಹೇಗೆ ಇಳಿಯುತ್ತದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ದಿನದಿನವೂ ನಮಗೆ ಕಾಣುವ ಮೊತ್ತ ಕೇವಲ ಅಂದಾಜು. ತಿಂಗಳು ಮುಗಿದು ಲೆಕ್ಕ ಅಂತಿಮವಾಗುವಾಗ ಅಮಾನ್ಯವೆಂದು ಕಂಡದ್ದನ್ನು ಕಳೆಯುತ್ತಾರೆ, ಸಾಧ್ಯವಿರುವ ಕಡೆ ಆ ಹಣವನ್ನು ಜಾಹೀರಾತುದಾರನಿಗೆ ಮರಳಿಸುತ್ತಾರೆ. ಆದ್ದರಿಂದ ಅಂದಾಜಿಗಿಂತ ಅಂತಿಮ ಮೊತ್ತ ಸ್ವಲ್ಪ ಕಡಿಮೆಯಾಗಿದ್ದರೆ ಯಾರೋ ಕದ್ದರೆಂದು ತಿಳಿಯಬೇಕಾಗಿಲ್ಲ. ನನ್ನ ಆಕ್ಷೇಪವಿರುವುದು ಇನ್ನೊಂದು ಕಡೆ. ಯಾವ ದಿನದ, ಯಾವ ಪುಟದ, ಯಾವ ಕ್ಲಿಕ್ಕನ್ನು ಕಳೆದರು ಎಂಬ ವಿವರವನ್ನು ಈ ವ್ಯವಸ್ಥೆ ತಾಣದ ಮಾಲೀಕನಿಗೆ ಕೊಡುವುದಿಲ್ಲ. ಕೊಟ್ಟರೆ ಕಳ್ಳರು ಅದನ್ನೇ ಪಾಠ ಮಾಡಿಕೊಳ್ಳುತ್ತಾರೆ ಎಂಬ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೂ ದಿನಸಿ ಅಂಗಡಿಯವನು ಸಹ ಚೀಟಿಯಲ್ಲಿ ಬರೆದುಕೊಡುವಷ್ಟು ವಿವರ ಇಲ್ಲಿಲ್ಲವಾದ್ದರಿಂದ, ತಪ್ಪು ನಮ್ಮ ಬೆರಳಿನದೋ ಪುಟದ ವಿನ್ಯಾಸದ್ದೋ ಓದುಗರದೋ ಎಂಬುದನ್ನು ನಾವೇ ಊಹಿಸಬೇಕಾಗುತ್ತದೆ.

ಓದುಗರದು ಎಂದೆ. ಕೈತಪ್ಪಿದ ಕ್ಲಿಕ್ಕಿಗಿಂತ ಹೆಚ್ಚು ಅಪಾಯಕಾರಿಯಾದದ್ದು ಪ್ರೀತಿಯಿಂದ ಒತ್ತಿದ ಕ್ಲಿಕ್ಕು. ಮಾಟುಂಗಾದಲ್ಲಿ ಹೋಟೆಲು ನಡೆಸುವ, ನಮ್ಮ ತಾಣದ ಹಳೆಯ ಅಭಿಮಾನಿಯೊಬ್ಬರು ಒಂದು ಭಾನುವಾರ ಕಾಫಿ ತರಿಸಿ ಹೇಳಿದರು: "ನಾನು ಬೆಳಿಗ್ಗೆ ಕ್ಯಾಶಿನಲ್ಲಿ ಕೂತ ಕೂಡಲೆ ನಿಮ್ಮ ಪೇಜು ತೆರೆಯುವುದು ಮಾರಾಯ್ರೆ. ಆ ಜಾಹೀರಾತು ಉಂಟಲ್ಲ, ಅದನ್ನು ಐದಾರು ಸಲ ಒತ್ತಿ ಬಿಡ್ತೇನೆ. ನಿಮಗೂ ನಾಲ್ಕು ಕಾಸು ಆಗ್ಲಿ ಅಂತ." ನಾನು ಕಾಫಿ ಲೋಟ ಕೆಳಗಿಟ್ಟು, ಇನ್ನು ಮುಂದೆ ದಯವಿಟ್ಟು ಹಾಗೆ ಮಾಡಬೇಡಿ ಅಣ್ಣಾ ಎಂದೆ. ಅವರ ಮುಖ ಸಣ್ಣದಾಯಿತು. "ಒಳ್ಳೇದು ಮಾಡ್ಲಿಕ್ಕೆ ಹೋದ್ರೆ ಹೀಗಾ?" ಎಂದರು. ನಿಯಮ, ನೀತಿ ಎಂದರೆ ಅವರಿಗೆ ಹಿಡಿಸುವುದಿಲ್ಲವೆಂದು, ಅವರದೇ ವ್ಯಾಪಾರದ ಮಾತಿನಲ್ಲಿ ಹೇಳಿದೆ: ನಿಮ್ಮ ತಮ್ಮನೇ ಹೋಟೆಲಿನ ಬಾಗಿಲಲ್ಲಿ ಹತ್ತು ಸಲ ಒಳಗೆ ಹೊರಗೆ ಓಡಾಡಿ, ಇವತ್ತು ಹತ್ತು ಗಿರಾಕಿ ಬಂದರು ಎಂದು ಬರೆದುಕೊಂಡು, ಆ ಲೆಕ್ಕ ತೋರಿಸಿ ಹೊರಗೆ ಬೋರ್ಡು ಹಾಕಿಸಿದ ತಂಪು ಪಾನೀಯದವನ ಹತ್ತಿರ ದುಡ್ಡು ಕೇಳಿದರೆ ಅವನು ಏನು ಮಾಡುತ್ತಾನೆ? ಅವರು ಒಂದು ಕ್ಷಣ ಯೋಚಿಸಿ, "ಬೋರ್ಡೇ ಕಿತ್ತುಕೊಂಡು ಹೋಗ್ತಾನೆ" ಎಂದು ನಕ್ಕರು.

ಅಲ್ಲದೆ ಅವರು ಅಂದುಕೊಂಡಂತೆ ಒತ್ತಿದ ಲೆಕ್ಕಕ್ಕೆ ಕಾಸು ಬೀಳುವ ಕಾಲವೂ ಮುಗಿದಿದೆ. 2003ರಲ್ಲಿ ಆರಂಭವಾದ ಈ ಸೇವೆ ಬಹುಕಾಲ ಮುಖ್ಯವಾಗಿ ಕ್ಲಿಕ್ಕಿನ ಲೆಕ್ಕದಲ್ಲಿ ಹಣ ಕೊಡುತ್ತಿತ್ತು. 2023ರ ನವೆಂಬರಿನಲ್ಲಿ ಪ್ರಕಟಿಸಿ 2024ರ ಆರಂಭದಲ್ಲಿ ಜಾರಿಗೆ ತಂದ ಬದಲಾವಣೆಯ ನಂತರ, ಜಾಹೀರಾತು ಎಷ್ಟು ಸಲ ಪ್ರದರ್ಶನಗೊಂಡಿತು ಎಂಬುದರ ಮೇಲೆ ಪಾವತಿ ನಡೆಯುತ್ತದೆ. ಜಾಹೀರಾತುದಾರನ ಕಡೆಯಿಂದ ಜಾಗ ಕೊಳ್ಳುವ ವೇದಿಕೆ ತನ್ನ ಶುಲ್ಕವನ್ನು ಹಿಡಿದುಕೊಂಡ ಮೇಲೆ ಉಳಿದದ್ದರಲ್ಲಿ ಶೇ 80 ತಾಣದವರಿಗೆ ಸೇರುತ್ತದೆ; ಆ ಕಡೆಯೂ ಗೂಗಲ್ಲಿನದೇ ವೇದಿಕೆಯಿದ್ದರೆ ಒಟ್ಟಾರೆ ಪಾಲು ಹಿಂದಿನಂತೆಯೇ ಶೇ 68ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗೆಂದು ಕ್ಲಿಕ್ಕಿನ ಮೇಲಿನ ಕಾವಲು ಸಡಿಲವಾಗಿಲ್ಲ, ಏಕೆಂದರೆ ಅತ್ತ ಜಾಹೀರಾತುದಾರರಲ್ಲಿ ಅನೇಕರು ಇಂದಿಗೂ ಕ್ಲಿಕ್ಕಿನ ಲೆಕ್ಕದಲ್ಲೇ ಹಣ ತೆರುತ್ತಾರೆ.

ನಾವು ಮಾಡಿದ ಒಂದು ತಪ್ಪನ್ನೂ ಇಲ್ಲೇ ಒಪ್ಪಿಕೊಳ್ಳಬೇಕು. ಸಂಘದ ಸ್ಮರಣ ಸಂಚಿಕೆಗಳನ್ನು ತಂದು ಅಭ್ಯಾಸವಾದ ಕೈಗಳಾದ್ದರಿಂದ, ಮೊದಲ ತಿಂಗಳು ಜಾಹೀರಾತಿನ ಚೌಕಟ್ಟಿನ ಮೇಲೆ "ನಮ್ಮ ಜಾಹೀರಾತುದಾರರನ್ನು ಪ್ರೋತ್ಸಾಹಿಸಿ" ಎಂದು ಬರೆದಿದ್ದೆವು. ಸ್ಮರಣ ಸಂಚಿಕೆಯಲ್ಲಿ ಅದು ಸೌಜನ್ಯ. ಆಡ್‌ಸೆನ್ಸಿನಲ್ಲಿ ಅದು ಓದುಗರನ್ನು ಕ್ಲಿಕ್ಕಿಗೆ ಪ್ರಚೋದಿಸಿದಂತೆ, ನಿಯಮಭಂಗ. ಚೌಕಟ್ಟಿನ ಮೇಲೆ ಜಾಹೀರಾತು ಎಂದೋ ಪ್ರಾಯೋಜಿತ ಕೊಂಡಿಗಳು ಎಂದೋ ಬರೆಯಬಹುದು, ಅದಕ್ಕಿಂತ ಹೆಚ್ಚಿನ ವಿನಯ ಬೇಕಾಗಿಲ್ಲ. ನಾಲ್ಕೈದು ವಾರಗಳ ಮೇಲೆ ನೀತಿಪುಟವನ್ನು ಓದುವಾಗ ನನ್ನ ಕಣ್ಣಿಗೆ ಇದು ಬಿತ್ತು. ಅದೇ ಗಳಿಗೆ ಆ ಸಾಲನ್ನು ಅಳಿಸಿದೆ.

ಇನ್ನು ಸಲಕರಣೆಗಳ ಮಾತು. ನಮ್ಮ ತಾಣ ಇರುವುದು ವರ್ಡ್‌ಪ್ರೆಸ್ ಎಂಬ, ತಾಣ ಕಟ್ಟುವ ತಂತ್ರಾಂಶದಲ್ಲಿ. ಅದಕ್ಕೆ ಜೋಡಿಸಿಕೊಳ್ಳಬಹುದಾದ, ಗೂಗಲ್ಲಿನದೇ ಆದ ಸೈಟ್ ಕಿಟ್ ಎಂಬ ಪ್ಲಗಿನ್ನಿನಲ್ಲಿ, ಲಾಗಿನ್ ಆಗಿರುವವರಿಗೆ ಜಾಹೀರಾತು ತೋರಿಸಬೇಡ ಎಂದು ಹೇಳುವ ಆಯ್ಕೆಯೊಂದಿದೆ. ಲಾಗಿನ್ ಆದ ಎಲ್ಲರಿಗೂ ಬೇಡವೋ, ಲೇಖನ ಬರೆಯುವ ಅಧಿಕಾರವುಳ್ಳವರಿಗೆ ಮಾತ್ರ ಬೇಡವೋ ಎಂಬುದನ್ನೂ ನಾವೇ ನಿರ್ಧರಿಸಬಹುದು. ಈ ಒಂದು ಗುರುತನ್ನು ಹಾಕಿದರೆ ನನ್ನ ಲೋಕಲ್ಲಿನ ಪ್ರಸಂಗದಂಥವು ಬಹುಮಟ್ಟಿಗೆ ನಿಂತುಹೋಗುತ್ತವೆ, ಏಕೆಂದರೆ ಒತ್ತಲು ಜಾಹೀರಾತೇ ಇರುವುದಿಲ್ಲ. ಇಷ್ಟು ಉಪಯುಕ್ತವಾದ ಗುಂಡಿಯನ್ನು ಆಡ್‌ಸೆನ್ಸಿನ ಮುಖಪುಟದಲ್ಲಿ ಎದ್ದುಕಾಣುವಂತೆ ಇಡದೆ ಇನ್ನೊಂದು ಉತ್ಪನ್ನದ ಸೆಟ್ಟಿಂಗಿನೊಳಗೆ ಹುದುಗಿಸಿಟ್ಟದ್ದೇಕೆ ಎಂದು ನನಗೆ ಅರ್ಥವಾಗಿಲ್ಲ. ವರ್ಡ್‌ಪ್ರೆಸ್ ಬಳಸದವರು ತಮ್ಮ ಬ್ರೌಸರಿನಲ್ಲಿ ಸ್ವಂತ ತಾಣದ ಮಟ್ಟಿಗೆ ಆಡ್ ಬ್ಲಾಕರ್ ಹಾಕಿಕೊಂಡರೂ ಅದೇ ಫಲ ಸಿಗುತ್ತದೆ.

ಪುಟದ ವಿನ್ಯಾಸವನ್ನು ಬದಲಿಸುತ್ತಿರುವಾಗ ಜಾಹೀರಾತು ಕಣ್ಣಿಗೆ ಕಾಣಲೇಬೇಕು ಎಂಬ ಸಂದರ್ಭಗಳೂ ಇರುತ್ತವೆ. ಅದಕ್ಕಾಗಿ ಜಾಹೀರಾತಿನ ಕೋಡಿನಲ್ಲಿ ಡೇಟಾ-ಆಡ್‌ಟೆಸ್ಟ್ ಎಂಬ ಒಂದು ಪದವನ್ನು ಸೇರಿಸಿ ಅದರ ಮುಂದೆ ಆನ್ ಎಂದು ಬರೆದರೆ, ಜಾಹೀರಾತು ತೋರುತ್ತದೆಯೇ ಹೊರತು ಪ್ರದರ್ಶನವಾಗಲಿ ಕ್ಲಿಕ್ಕಾಗಲಿ ಲೆಕ್ಕಕ್ಕೆ ಸೇರುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ ಗಳಿಕೆಯೂ ಸೇರುವುದಿಲ್ಲ ಎಂಬುದನ್ನು ಅನುಭವಸ್ಥನಾಗಿ ಹೇಳುತ್ತಿದ್ದೇನೆ. ಯಾವ ಯಾವ ಜಾಹೀರಾತುಗಳು ನಮ್ಮ ಪುಟದಲ್ಲಿ ಬರುತ್ತಿವೆ ಎಂದು ತಿಳಿಯುವ ಕುತೂಹಲಕ್ಕೆ, ಮತ್ತು ಒಗ್ಗದವನ್ನು ತಡೆಯುವುದಕ್ಕೆ, ಆಡ್ ರಿವ್ಯೂ ಸೆಂಟರ್ ಇದೆ. ಅಲ್ಲಿ ಸಾವಕಾಶವಾಗಿ ಕುಳಿತು ನೋಡಬಹುದು, ತಾಣದಲ್ಲಿ ಬೆರಳಾಡಿಸುವ ಅಗತ್ಯವೇ ಬೀಳುವುದಿಲ್ಲ.

ನಾನು ಹೆಚ್ಚು ಕಾಲ ತಲೆ ಕೆಡಿಸಿಕೊಂಡದ್ದು ಇವುಗಳ ಬಗ್ಗೆ ಅಲ್ಲ, ಬೆರಳು ಜಾರುವುದೇಕೆ ಎಂಬುದರ ಬಗ್ಗೆ. ನಮ್ಮ ತಾಣವನ್ನು ಕಟ್ಟಿಕೊಟ್ಟವರು, ಅವರ ಹೆಸರು ಇಲ್ಲಿ ಬೇಡ, ಪುಟದ ಕೊನೆಯ "ಮುಂದಿನ ಲೇಖನ" ಎಂಬ ಗುಂಡಿಗೆ ಒತ್ತಿಕೊಂಡಂತೆ ಜಾಹೀರಾತಿನ ಚೌಕಟ್ಟನ್ನು ಇಟ್ಟಿದ್ದರು. ಗುಂಡಿಗೂ ಜಾಹೀರಾತಿಗೂ ನಡುವೆ ಒಂದು ಅಕ್ಕಿಕಾಳು ಹಿಡಿಸುವಷ್ಟು ಜಾಗವೂ ಇರಲಿಲ್ಲ. ಹೀಗೆ ಇಟ್ಟರೆ ಗಳಿಕೆ ಚೆನ್ನಾಗಿರುತ್ತದೆ ಸಾರ್ ಎಂದು ಅವರು ನನಗೆ ಹೇಳಿಯೂ ಇದ್ದರು. ಆಗ ನಾನು ತಲೆಯಾಡಿಸಿದ್ದು ನನ್ನ ದಡ್ಡತನ. ಮೆನು, ಕೊಂಡಿ, ಡೌನ್‌ಲೋಡ್ ಗುಂಡಿ ಇವುಗಳ ಮಗ್ಗುಲಲ್ಲಿ ಜಾಹೀರಾತು ಇರಬಾರದೆಂದು ನೀತಿಯಲ್ಲೇ ಇದೆ. ಆಟಗಳ ತಾಣಗಳಿಗಾದರೆ ಆಟಕ್ಕೂ ಜಾಹೀರಾತಿಗೂ ನಡುವೆ 150 ಪಿಕ್ಸೆಲ್ ಅಂತರವಿರಲಿ ಎಂಬ ಸಲಹೆಯಿದೆ. ನಮ್ಮದು ಆಟದ ತಾಣವಲ್ಲದಿದ್ದರೂ ಆ ಅಂಕಿಯನ್ನೇ ಹಿಡಿದು ಗುಂಡಿಯನ್ನು ಮೇಲಕ್ಕೆ ಸರಿಸಿದೆ.

ಗುಂಡಿ ಸರಿದ ಮೇಲೂ ಓದುಗರ ದೂರು ನಿಲ್ಲಲಿಲ್ಲ. ನನ್ನ ಮೊಮ್ಮಗಳು ಒಂದು ಸಂಜೆ, "ಅಜ್ಜ, ನಾನು ಒತ್ತಿದ್ದು ಯಕ್ಷಗಾನದ ಫೋಟೋ, ಬಂದದ್ದು ಸಾಲದ ಆ್ಯಪು" ಎಂದಳು. ಅವಳ ಪಕ್ಕದಲ್ಲಿ ಕುಳಿತು ಪುಟ ತೆರೆಯುವುದನ್ನು ಗಮನಿಸಿದೆ. ಮೊದಲು ಬರಹ ಮೂಡಿತು. ಒಂದೆರಡು ಸೆಕೆಂಡಿನ ನಂತರ ಜಾಹೀರಾತು ಇಳಿದು, ಕೆಳಗಿನದ್ದನ್ನೆಲ್ಲ ಮತ್ತಷ್ಟು ಕೆಳಕ್ಕೆ ತಳ್ಳಿ, ಫೋಟೋ ಇದ್ದ ಜಾಗದಲ್ಲಿ ತಾನು ನಿಂತಿತು. ಅವಳ ಬೆರಳು ಅಷ್ಟರಲ್ಲಿ ಹೊರಟಾಗಿತ್ತು. ಪುಟದ ಈ ಜರಗಾಟವನ್ನು ಅಳೆಯುವ ಅಳತೆಗೋಲೊಂದನ್ನು, ಕ್ಯುಮುಲೇಟಿವ್ ಲೇಔಟ್ ಶಿಫ್ಟ್ ಎಂಬುದನ್ನು, ಗೂಗಲ್ಲೇ 2020ರಲ್ಲಿ ಕೋರ್ ವೆಬ್ ವೈಟಲ್ಸ್ ಎಂಬ, ಪುಟದ ಗುಣಮಟ್ಟ ಅಳೆಯುವ ತನ್ನ ಪಟ್ಟಿಯಲ್ಲಿ ಸೇರಿಸಿದೆ, ಅದು 0.1 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಒಳ್ಳೆಯ ಪುಟ. ಜಾಹೀರಾತು ಬರುವ ಮೊದಲೇ ಅದರ ಎತ್ತರದಷ್ಟು ಜಾಗವನ್ನು, ಪುಟದ ಅಳತೆ ಅಂದಗಳನ್ನು ಬರೆದಿಡುವ ಸ್ಟೈಲ್‌ಶೀಟಿನಲ್ಲಿ ಕಾದಿರಿಸುವುದು ಇದಕ್ಕೆ ಮದ್ದು. ಊಟಕ್ಕೆ ಬರುವವರಿಗೆ ಮೊದಲೇ ಎಲೆ ಹಾಕಿಟ್ಟರೆ ಪಂಕ್ತಿಯಲ್ಲಿ ಕುಳಿತವರು ಏಳಬೇಕಾಗುವುದಿಲ್ಲ.

ಕನ್ನಡದ ತಾಣಗಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ, ಅದನ್ನು ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ನಾನು ಕಾಣಲಿಲ್ಲ. ಪುಟ ತೆರೆದಾಗ ಮೊದಲು ಫೋನಿನಲ್ಲಿರುವ ಕನ್ನಡ ಫಾಂಟಿನಲ್ಲಿ ಅಕ್ಷರಗಳು ಮೂಡುತ್ತವೆ, ನಾವು ಆರಿಸಿದ ಫಾಂಟು ಇಳಿದ ಮೇಲೆ ಅವು ಬದಲಾಗುತ್ತವೆ. ಅಕ್ಷರದ ಅಗಲವೂ ಒತ್ತಕ್ಷರಗಳು ಕೆಳಗೆ ಇಳಿಯುವ ಆಳವೂ ಫಾಂಟಿನಿಂದ ಫಾಂಟಿಗೆ ಬೇರೆಯಾಗಿರುವುದರಿಂದ, ಸಾಲು ಮುರಿಯುವ ಜಾಗ ಬದಲಾಗಿ ಇಡೀ ಪುಟ ಒಂದೆರಡು ಸಾಲಿನಷ್ಟು ಏರುತ್ತದೆ ಅಥವಾ ಇಳಿಯುತ್ತದೆ. "ರಾಷ್ಟ್ರೋತ್ಥಾನ"ದಂಥ ಪದವಿರುವ ಶೀರ್ಷಿಕೆಯಲ್ಲಿ ಇದನ್ನು ಬರಿಗಣ್ಣಿನಿಂದಲೇ ನೋಡಬಹುದು. ಸಾಲುಗಳ ಎತ್ತರವನ್ನು ಒಂದು ನಿಶ್ಚಿತ ಅಳತೆಗೆ ಕಟ್ಟಿಹಾಕಿ, ಶೀರ್ಷಿಕೆಗೆ ಮಾತ್ರ ವಿಶೇಷ ಫಾಂಟನ್ನು ಉಳಿಸಿಕೊಂಡು, ಲೇಖನದ ಒಡಲಿಗೆ ಫೋನಿನ ಫಾಂಟನ್ನೇ ಬಿಟ್ಟ ಮೇಲೆ ಮೊಮ್ಮಗಳ ಸಾಲದ ಆ್ಯಪು ಮರೆಯಾಯಿತು.

ಆಟೋ ಆಡ್ಸ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಮೃದುವಾಗಿಲ್ಲ. ಜಾಹೀರಾತನ್ನು ಎಲ್ಲಿ ಹಾಕಬೇಕೆಂಬ ತೀರ್ಮಾನವನ್ನು ಯಂತ್ರಕ್ಕೇ ಬಿಡುವ ಈ ಸೌಲಭ್ಯ ಸೋಮಾರಿಗಳಿಗೆ ಹಿತವಾದದ್ದು. ಆ ಪೈಕಿ ನಾನೂ ಒಬ್ಬನಾಗಿದ್ದೆ. ಪರದೆಯ ಅಂಚಿಗೆ ಅಂಟಿಕೊಂಡಿರುವ ಆ್ಯಂಕರ್ ಜಾಹೀರಾತು ಹಾಗೂ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಇಡೀ ಪರದೆಯನ್ನು ಆವರಿಸುವ ವಿನ್ಯೆಟ್, ಇವೆರಡೂ ಮೊಬೈಲನ್ನು ಒಂದೇ ಕೈಯಲ್ಲಿ ಹಿಡಿದು ಓದುವ ಮುಂಬಯಿಯ ಪ್ರಯಾಣಿಕರಿಗೆ ಹೇಳಿಮಾಡಿಸಿದ ಬಲೆಗಳು. ನಮ್ಮ ಓದುಗರಲ್ಲಿ ಅರವತ್ತು ದಾಟಿದವರೇ ಹೆಚ್ಚು, ಅವರಿಗೆ ವಿನ್ಯೆಟ್ಟಿನ ಮೂಲೆಯಲ್ಲಿರುವ ಮುಚ್ಚುವ ಗುರುತು ಕಾಣುವಷ್ಟರಲ್ಲಿ ನಡುವಿನ ದೊಡ್ಡ ಗುಂಡಿ ಒತ್ತಿಹೋಗಿರುತ್ತದೆ. ಪುಣ್ಯಕ್ಕೆ ಇವನ್ನು ಒಂದೊಂದಾಗಿ ಆರಿಸಿ ನಿಲ್ಲಿಸುವ ಸ್ವಾತಂತ್ರ್ಯವನ್ನು ಸೇವೆ ಕೊಟ್ಟಿದೆ, ಜಾಹೀರಾತುಗಳ ಸಂಖ್ಯೆಯನ್ನು ತಗ್ಗಿಸಬಹುದು, ಬೇಡವಾದ ಪುಟಗಳನ್ನು ಹೊರಗಿಡಬಹುದು, ಬದಲಾವಣೆ ಹೇಗೆ ಕಾಣುತ್ತದೆಂದು ಮೊದಲೇ ನೋಡಲೂಬಹುದು. ವಿನ್ಯೆಟ್ಟನ್ನು ನಿಲ್ಲಿಸಿದ್ದರಿಂದ ನಮ್ಮ ಗಳಿಕೆ ಇಳಿಯಿತು, ನಿಜ. ಶ್ರದ್ಧಾಂಜಲಿಯ ಪ್ರಕಟಣೆಯೊಂದನ್ನು ತೆರೆಯಹೋದವರಿಗೆ ನಡುವೆ ಶೂಗಳ ರಿಯಾಯಿತಿ ಮಾರಾಟ ಕಾಣಿಸಿದ ದಿನದಿಂದ ಆ ಗಳಿಕೆಯ ಬಗ್ಗೆ ನನಗೆ ಮನಸ್ಸೂ ಇರಲಿಲ್ಲ.

ಅನುಮಾನಾಸ್ಪದ ಕ್ಲಿಕ್ಕುಗಳ ಮಳೆಯೇ ಸುರಿದಾಗ, ಅಂದರೆ ಯಾರೋ ಬೇಕೆಂದೇ ಒತ್ತುತ್ತಿದ್ದಾರೆಂದು ಅನಿಸಿದಾಗ, ಅಮಾನ್ಯ ಕ್ಲಿಕ್ಕುಗಳ ಸಂಪರ್ಕ ಫಾರಂ ಇದೆ. ನಾನು ಅದನ್ನು ಒಮ್ಮೆ ಮಾತ್ರ ತುಂಬಿದ್ದೇನೆ, ಹೋಟೆಲಿನ ಅಣ್ಣನ ಐದಾರು ಕ್ಲಿಕ್ಕುಗಳ ಸಂಗತಿ ತಿಳಿದ ದಿನ, ಹೆಸರು ಹೇಳದೆ, ನಡೆದದ್ದನ್ನು ನಡೆದಂತೆ ಬರೆದು. ಆ ಬಗೆಯ ಚಟುವಟಿಕೆ ಮುಂದುವರಿದರೆ ಏನಾಗಬಹುದೆಂಬುದನ್ನು ತಿಳಿದಿದ್ದೆ: ಕೆಲವು ಕಾಲ ಜಾಹೀರಾತು ತೋರುವುದಕ್ಕೆ ಮಿತಿ ಹೇರುತ್ತಾರೆ, ಕೆಲವೊಮ್ಮೆ 30 ದಿನಗಳ ಅಮಾನತು, ಎಲ್ಲಕ್ಕಿಂತ ಕೊನೆಗೆ ಖಾತೆಯನ್ನೇ ಮುಚ್ಚುವುದು. ಮುಚ್ಚಿದ ಖಾತೆಗೆ ಮೇಲ್ಮನವಿ ಸಲ್ಲಿಸುವ ಅವಕಾಶವಿದ್ದರೂ, ಒಬ್ಬರಿಗೆ ಒಂದೇ ಖಾತೆ ಎಂಬ ನಿಯಮವಿರುವುದರಿಂದ ಹೊಸ ಹೆಸರಿನಲ್ಲಿ ಮತ್ತೆ ಬರುವ ದಾರಿ ಇಲ್ಲ. ನಮ್ಮಂಥ ಸಣ್ಣ ತಾಣಕ್ಕೆ ಇದು ಭಾರವಾದ ಶಿಕ್ಷೆಯೇ ಸರಿ, ವಿವರ ಕೊಡದೆ ವಿಧಿಸಬಹುದಾದ ಶಿಕ್ಷೆಯಾದ್ದರಿಂದ ಇನ್ನೂ ಭಾರ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಜಾರಿದ ಬೆರಳನ್ನು ಮನ್ನಿಸುವ ಗುಣಕ್ಕೂ ಪರೀಕ್ಷೆಯ ಸೌಲಭ್ಯಕ್ಕೂ ಮೂರು, ಇಷ್ಟವಿಲ್ಲದ ಜಾಹೀರಾತು ಬಗೆಗಳನ್ನು ನಿಲ್ಲಿಸಲು ಬಿಟ್ಟಿರುವುದಕ್ಕೆ ಅರ್ಧ. ಉಳಿದ ಒಂದೂವರೆಯನ್ನು, ಅಮಾನ್ಯ ಕ್ಲಿಕ್ಕುಗಳ ವಿವರ ಕೊಡದ ಮೌನಕ್ಕಾಗಿ ಕಳೆದಿದ್ದೇನೆ. ವಾರಕ್ಕೊಂದು ಗಂಟೆ ಕೊಟ್ಟು ಪುಟವನ್ನು ತಿದ್ದಬಲ್ಲವರು ಯಾರಾದರೂ ನಿಮ್ಮ ಸಂಘದಲ್ಲಿದ್ದರೆ ಧಾರಾಳವಾಗಿ ಹಾಕಿಕೊಳ್ಳಿ. ಯಾರೂ ಇಲ್ಲದಿದ್ದರೆ, ಊರಿನ ಹೋಟೆಲಿನವರ ಒಂದು ಜಾಹೀರಾತನ್ನು ನೇರವಾಗಿ ಪಡೆದು ಚಿತ್ರವಾಗಿ ಹಾಕುವುದೇ ಸುಖ; ಅದನ್ನು ಎಷ್ಟು ಸಲ ಒತ್ತಿದರೂ ಯಾರೂ ಕೇಳುವುದಿಲ್ಲ.

ಈಗ ನನ್ನ ಮೊಬೈಲಿನಲ್ಲಿ ನಮ್ಮ ತಾಣ ತೆರೆದರೆ ಜಾಹೀರಾತಿನ ಜಾಗದಲ್ಲಿ ಕಾದಿರಿಸಿದ ಖಾಲಿ ಚೌಕಟ್ಟು ಮಾತ್ರ ಕಾಣುತ್ತದೆ. ಉಳಿದವರಿಗೆ ಅದು ಹೇಗೆ ಕಾಣುತ್ತಿದೆ ಎಂದು ತಿಳಿಯಲು ಭಾನುವಾರ ಮಾಟುಂಗಾಕ್ಕೆ ಹೋದಾಗ ಹೋಟೆಲಿನ ಅಣ್ಣನ ಫೋನನ್ನು ಕೇಳುತ್ತೇನೆ. ಅವರು ಕ್ಯಾಶಿನ ಮೇಜಿನಾಚೆಯಿಂದ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆಗೆ ತಿರುಗಿಸಿ, "ನೀವು ಮುಟ್ಲಿಕ್ಕೆ ಹೋಗಬೇಡಿ ಮಾರಾಯ್ರೆ, ನಾನೇ ತೋರಿಸ್ತೇನೆ" ಎನ್ನುತ್ತಾರೆ.